ಕರುಳುಬೇನೆ: ನಲ್ಲಿಯಿಂದ ಮೂತ್ರಪಿಂಡದವರೆಗೆ

ಆಳಂದ: ಬೇಸಿಗೆಯ ಕೊನೆ ಹಾಗೂ ಮುಂಗಾರಿನ ಆರಂಭವೆಂದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ವಾಂತಿಭೇದಿಯ ಭೀತಿಯ ಕಾಲ. ಭೀಮಾ ನದಿಯ ಹರಿವು ಕ್ಷೀಣಿಸಿ, ಅಮರ್ಜಾ ಜಲಾಶಯದ ಮಟ್ಟ ಕುಸಿದು, ಕೊಳವೆಬಾವಿಗಳು ಬತ್ತಿದಾಗ ಸಿಕ್ಕ ನೀರನ್ನೇ ಕುಡಿಯುವುದು ಜನರಿಗೆ ಅನಿವಾರ್ಯ. ಮೊದಲ ಮಳೆ ಬಿದ್ದೊಡನೆ ಬಯಲಿನ ಹೊಲಸೆಲ್ಲ ಹಳ್ಳ, ತೆರೆದ ಬಾವಿಗಳನ್ನು ಸೇರುತ್ತದೆ.

ಕರುಳುಬೇನೆ ಅಥವಾ ಗ್ಯಾಸ್ಟ್ರೋಎಂಟರೈಟಿಸ್ ಎಂದರೆ ಜಠರ ಮತ್ತು ಕರುಳಿನ ಒಳಪದರದ ಉರಿಯೂತ. ರೋಟಾ, ನೋರೊ ವೈರಸ್‌ಗಳು, ಇ. ಕೊಲೈ, ಶಿಗೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಹಾಗೂ ಕೆಲವು ಪರೋಪಜೀವಿಗಳು ಇದಕ್ಕೆ ಕಾರಣ. ಕಾಲರಾ ಇದೇ ಗುಂಪಿನ ಅತ್ಯಂತ ಉಗ್ರ ರೂಪ.

ದೇಹದಲ್ಲಿ ಆಗುವುದೇನು?

ಆರೋಗ್ಯವಂತ ವಯಸ್ಕರ ಕರುಳಿಗೆ ಆಹಾರ, ನೀರು, ಜೊಲ್ಲು ಮತ್ತು ಜೀರ್ಣರಸಗಳ ರೂಪದಲ್ಲಿ ದಿನಕ್ಕೆ 8ರಿಂದ 9 ಲೀಟರ್ ದ್ರವ ಬರುತ್ತದೆ. ಅದರಲ್ಲಿ ಬಹುಪಾಲು ಮರಳಿ ರಕ್ತ ಸೇರುತ್ತದೆ. ರೋಟಾ ವೈರಸ್ ಈ ಹೀರುವ ಪದರವನ್ನೇ ನಾಶಪಡಿಸಿದರೆ, ಕಾಲರಾದ ವಿಷ ಲವಣವನ್ನು ಕರುಳಿನೊಳಕ್ಕೆ ಸುರಿಸುತ್ತದೆ. ಲವಣದ ಹಿಂದೆ ನೀರೂ ಹರಿದುಹೋಗುತ್ತದೆ.

ರಕ್ತದ ಪ್ರಮಾಣ ಕುಗ್ಗಿದಂತೆ ನಾಡಿ ವೇಗಗೊಂಡು ರಕ್ತದೊತ್ತಡ ಇಳಿಯುತ್ತದೆ. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಸಿಗದೆ ಮೂತ್ರ ನಿಲ್ಲುತ್ತದೆ. ಪೊಟ್ಯಾಸಿಯಂ ನಷ್ಟದಿಂದ ಸ್ನಾಯುಗಳು ಸೋತು, ಹೃದಯದ ಲಯ ತಪ್ಪಬಹುದು. 10 ಕಿಲೋ ತೂಕದ ಮಗು ಒಂದು ಲೀಟರ್ ದ್ರವ ಕಳೆದುಕೊಂಡರೆ ಪ್ರಾಣಾಪಾಯ ಎದುರಾಗುತ್ತದೆ. ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಚಿವುಟಿದಾಗ ಹಾಗೆಯೇ ನಿಲ್ಲುವ ಚರ್ಮ, ಮಂಪರು ಇವು ತಕ್ಷಣ ಆಸ್ಪತ್ರೆಗೆ ಧಾವಿಸಬೇಕೆಂಬ ಸೂಚನೆಗಳು.

ಅಗ್ಗದ ಮದ್ದು

ಇಷ್ಟೆಲ್ಲ ಹಾನಿಯ ನಡುವೆಯೂ ಕರುಳಿನ ಒಂದು ದಾರಿ ತೆರೆದೇ ಇರುತ್ತದೆ. ಗ್ಲೂಕೋಸ್ ಜೊತೆಗಿದ್ದರೆ ಸೋಡಿಯಂ, ಅದರೊಂದಿಗೆ ನೀರು ಒಳಸೇರುತ್ತವೆ. ಓಆರ್‌ಎಸ್ ಕೆಲಸ ಮಾಡುವುದು ಇದೇ ತತ್ವದ ಮೇಲೆ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಈ ದ್ರಾವಣವನ್ನು ವ್ಯಾಪಕವಾಗಿ ಬಳಸಿದಾಗ ಕಾಲರಾ ಮರಣ ಪ್ರಮಾಣ ಸುಮಾರು ಶೇ 30ರಿಂದ ಶೇ 4ರೊಳಗೆ ಇಳಿದಿತ್ತು.

ಓಆರ್‌ಎಸ್ ಪೊಟ್ಟಣ ಸಿಗದಿದ್ದಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ಮಕ್ಕಳಿಗೆ ಸತುವಿನ ಮಾತ್ರೆಯೂ ಅಗತ್ಯ. ಭೇದಿ ನಿಲ್ಲಲೆಂದು ನೀರು, ಎದೆಹಾಲು ನಿಲ್ಲಿಸುವ ರೂಢಿ ಅಪಾಯಕಾರಿ. ಸಲೈನ್ ಹಚ್ಚಿದರೆ ಮಾತ್ರ ಗುಣವಾಗುತ್ತದೆಂಬ ನಂಬಿಕೆಯಿಂದ, ಆಸ್ಪತ್ರೆ ತಲುಪುವವರೆಗಿನ ಅಮೂಲ್ಯ ಸಮಯ ಒಂದು ಗುಟುಕು ದ್ರವವೂ ಇಲ್ಲದೆ ಕಳೆದುಹೋಗುತ್ತದೆ. ಜಿಲ್ಲಾ ಕೇಂದ್ರದಿಂದ ಹತ್ತಾರು ಕಿಲೋಮೀಟರ್ ದೂರವಿರುವ ಈ ಗಡಿ ತಾಲ್ಲೂಕುಗಳಲ್ಲಿ ಆ ಸಮಯವೇ ನಿರ್ಣಾಯಕ.

ಸಾವಿನ ನಂತರದ ಪರೀಕ್ಷೆ

2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಸೇವನೆಯ ಪ್ರಕರಣಗಳು ಜೀವಗಳನ್ನು ಬಲಿ ಪಡೆದವು. ಎರಡೂ ಕಡೆ ಆಡಳಿತ ಎಚ್ಚೆತ್ತದ್ದು ಜನ ಆಸ್ಪತ್ರೆಗೆ ದಾಖಲಾದ ಬಳಿಕ. ಒಂದು ನಗರ, ಇನ್ನೊಂದು ನಗರದಂಚಿನ ಬಡಾವಣೆ. ನಲ್ಲಿ ಇದ್ದ ಮಾತ್ರಕ್ಕೆ ನೀರು ಸುರಕ್ಷಿತವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2019ರಲ್ಲಿ ಆರಂಭಗೊಂಡ ಜಲಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಕೊಳವೆ ತಂದಿದೆ. ಆದರೆ ನೀರು ಬಿಟ್ಟುಬಿಟ್ಟು ಪೂರೈಕೆಯಾಗುವಲ್ಲಿ, ಒತ್ತಡವಿಲ್ಲದ ಹೊತ್ತಿನಲ್ಲಿ ಒಡೆದ ಪೈಪ್ ಪಕ್ಕದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಕ್ಲೋರಿನ್ ಹಾಕಿದರಷ್ಟೇ ಸಾಲದು. ಕೊನೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದರ ಪರೀಕ್ಷೆಗೆ ಬೇಕಾಗುವುದು ಸಣ್ಣ ಕಿಟ್ ಮತ್ತು ಕೆಲವೇ ನಿಮಿಷ.

ಹೀಗಿರುವಾಗ ಪಂಚಾಯಿತಿಗಳ ಮುಂದಿರುವ ಪ್ರಶ್ನೆ ಹಣದ್ದಲ್ಲ, ನಿತ್ಯದ ನಿಗಾದ್ದು. ವಾಲ್ವ್ ಗುಂಡಿಯ ಕೊಳೆ ತೆಗೆಯುವುದು, ಸೋರುವ ಪೈಪ್ ಬದಲಿಸುವುದು, ಪರೀಕ್ಷೆಯ ಫಲಿತಾಂಶವನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಬರೆಯುವುದು, ಮಳೆಗೆ ಮುನ್ನವೇ ಆಶಾ ಕಾರ್ಯಕರ್ತೆಯರ ಕೈಗೆ ಓಆರ್‌ಎಸ್ ತಲುಪಿಸುವುದು ಪ್ರತಿ ವರ್ಷ ಮೇ ತಿಂಗಳೊಳಗೆ ಮುಗಿಯಬೇಕಾದ ಕೆಲಸಗಳು. ಮೊದಲ ರೋಗಿ ದಾಖಲಾದ ಮೇಲೆ ಆರಂಭವಾದರೆ, ಅವು ಆ ಊರಿನ ಮಕ್ಕಳ ಪಾಲಿಗೆ ತಡವಾಗಿರುತ್ತವೆ.