3 ಲಕ್ಷದ ಕನ್ನಡಕ ಯಾರಿಗೆ? ಬನಹಟ್ಟಿಯಲ್ಲಿ ಕೇಳಿದ್ದು, ಬೀಳಗಿಯಲ್ಲಿ ಕಂಡದ್ದು

2025ರ ನವೆಂಬರ್ ಎರಡನೇ ವಾರ ನಾನು ಮುಧೋಳದಲ್ಲಿದ್ದೆ. ಗುರ್ಲಾಪುರ ಕ್ರಾಸಿನಲ್ಲಿ ಶುರುವಾಗಿದ್ದ ಕಬ್ಬು ಬೆಳೆಗಾರರ ಹೋರಾಟಕ್ಕೆ ನವೆಂಬರ್ 7ರಂದು ಮುಖ್ಯಮಂತ್ರಿ ಟನ್ನಿಗೆ 3,300 ರೂಪಾಯಿ ಘೋಷಿಸಿದ್ದರು. ಬೆಳಗಾವಿ ಕಡೆಯವರು ಎದ್ದು ಹೋದರು, ಮುಧೋಳದವರು ಕೂತೇ ಇದ್ದರು. ಇವರ ಬೇಡಿಕೆ 3,500. ಅಲ್ಲಿ ಕೂತಿದ್ದ ಒಬ್ಬ ಹುಡುಗ, ಡಿಪ್ಲೊಮಾ ಮುಗಿಸಿದವನಂತೆ, ಫೋನ್ ಮುಂದೆ ಹಿಡಿದು ಕೇಳಿದ: "ಅಣ್ಣಾ, ಇದರ ರೇಟ್ ಖರೇನ?"

ರೀಲ್‌ನಲ್ಲಿ ಒಬ್ಬ ಬಿಳಿಯ, ಕಣ್ಣಿಗೆ ದಪ್ಪ ಗಾಗಲ್ ಹಾಕಿಕೊಂಡು ಗಾಳಿಯಲ್ಲಿ ಬೆರಳು ಆಡಿಸುತ್ತಿದ್ದ. ಆಪಲ್ ವಿಷನ್ ಪ್ರೊ. ಅಕ್ಟೋಬರ್‌ನಲ್ಲಷ್ಟೇ ಹೊಸ ಎಂ5 ಚಿಪ್ ಹಾಕಿ ಮತ್ತೆ ಬಿಟ್ಟಿದ್ದರು. ಬೆಲೆ 3,499 ಡಾಲರ್. ಖರೇ ಅಂದೆ.

"ಹಂಗಾದ್ರ ನಮ್ದೂ ಅವರ್ದೂ ಒಂದಽ ನಂಬರ್ ನೋಡ್ರಿ. ನಾವ್ ಡಾಲರ್ ಅಂತ ಹಾಕೂದು ಮರ್ತೀವಿ ಅಷ್ಟ."

ಸುತ್ತ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅಲ್ಲೇ ಕ್ಯಾಲ್ಕ್ಯುಲೇಟರ್ ಹೊರಗೆ ಬಂತು. ಕನ್ನಡಕ ಸುಮಾರು 3 ಲಕ್ಷ 10 ಸಾವಿರ ರೂಪಾಯಿ, ಸುಂಕ ಬೇರೆ. 3,300ರ ಲೆಕ್ಕದಲ್ಲಿ 94 ಟನ್ ಕಬ್ಬು. ಎಕರೆಗೆ 40 ಟನ್ ಹಿಡಿದರೂ ಎರಡು ಎಕರೆಯ ಇಡೀ ವರ್ಷದ ಬೆಳೆ ಸಾಲದು. ಅದೂ ಗೊಬ್ಬರ, ನೀರು, ಆಳಿನ ಖರ್ಚು ಕಳೆಯದೆ.

ಈ ಹೋಲಿಕೆಯನ್ನೇ ಹಿಡಿದು ಒಂದು ಕಾಲಂ ಬರೆದುಬಿಡಬಹುದಿತ್ತು. ಒಬ್ಬರು ತಮ್ಮ ಮಾಲಿಗೆ ತಾವೇ ಬೆಲೆ ಕಟ್ಟುತ್ತಾರೆ, ಒಂದು ಡಾಲರ್ ಕಡಿಮೆ ಮಾಡಿ ಬಾಟಾ ರೇಟಿನ ಹಾಗೆ 3,499 ಅಂತ ಚೀಟಿ ಅಂಟಿಸುತ್ತಾರೆ. ಇನ್ನೊಬ್ಬರ ಮಾಲಿಗೆ ದಿಲ್ಲಿಯಲ್ಲಿ ಬೆಲೆ ಆಗುತ್ತದೆ. 2025-26ರ ಹಂಗಾಮಿನ ಎಫ್‌ಆರ್‌ಪಿ ಟನ್ನಿಗೆ 3,550 ಎಂದು ಕಾಗದದ ಮೇಲಿತ್ತು, ಆದರೆ ಕಟಾವು, ಸಾಗಣೆ ಖರ್ಚು ಅದರಲ್ಲೇ ಮುರಿಯುತ್ತದೆ. ಈ ಮಾತು ನಿಜ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಆ ಯಂತ್ರದ ಬಗ್ಗೆ ನಾವು ಏನೂ ಹೇಳಿದ ಹಾಗಾಗುವುದಿಲ್ಲ. ಜಗತ್ತು ಎರಡು ವರ್ಷದಿಂದ ಮಾಡಿದ್ದೂ ಇದನ್ನೇ, ಬೆಲೆ ನೋಡಿ ನಕ್ಕದ್ದು.

2024ರ ಫೆಬ್ರವರಿ 2ರಂದು ಅಮೆರಿಕದಲ್ಲಿ ಇದು ಮಾರಾಟಕ್ಕೆ ಬಂದಾಗಿನ ಗದ್ದಲ ನೆನಪಿರಬಹುದು. ಟೆಸ್ಲಾ ಕಾರು ಓಡಿಸುತ್ತಾ ಹೆಡ್‌ಸೆಟ್ ಹಾಕಿಕೊಂಡವರ ವಿಡಿಯೋ ಹರಿದಾಡಿ, ಚಾಲಕ ಯಾವಾಗಲೂ ರಸ್ತೆಯ ಮೇಲೆ ಗಮನ ಇಡಬೇಕು ಅಂತ ಅಲ್ಲಿನ ಸಾರಿಗೆ ಸಚಿವ ಪೀಟ್ ಬುಟಿಜೆಜ್ ಎಚ್ಚರಿಕೆ ಹೇಳಬೇಕಾಯಿತು. ಎರಡೇ ವಾರದಲ್ಲಿ ಇನ್ನೊಂದು ಅಲೆ: 14 ದಿನದ ವಾಪಸಾತಿ ಗಡುವಿನೊಳಗೆ ಡಬ್ಬಿ ಹಿಂದಿರುಗಿಸಿದವರ ಪೋಸ್ಟುಗಳು. ಭಾರ, ಕಣ್ಣುರಿ, ತಲೆಸುತ್ತು, ಎರಡು ತಾಸಿನ ಬ್ಯಾಟರಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ವತಃ ಟಿಮ್ ಕುಕ್, ಈ ಬೆಲೆಗೆ ಇದು ಎಲ್ಲರ ವಸ್ತು ಅಲ್ಲ, ನಾಳಿನ ತಂತ್ರಜ್ಞಾನ ಇವತ್ತೇ ಬೇಕು ಅನ್ನುವವರಿಗೆ ಅಂತ ಒಪ್ಪಿಕೊಂಡರು. ಎಷ್ಟು ಮಾರಿದ್ದೇವೆಂದು ಕಂಪನಿ ಬಾಯಿ ಬಿಟ್ಟಿಲ್ಲ. 2025ರ ಅಕ್ಟೋಬರ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಕ್ಸ್‌ಆರ್ ಅನ್ನು 1,799 ಡಾಲರಿಗೆ ಬಿಟ್ಟು, ಆಪಲ್‌ನ ಅರ್ಧ ಬೆಲೆ ಅಂತ ಚಪ್ಪಾಳೆ ಗಿಟ್ಟಿಸಿತು. ಅರ್ಧ ಅಂದರೂ ಒಂದೂವರೆ ಲಕ್ಷಕ್ಕಿಂತ ಮೇಲೆ.

ಬೆಲೆ ನೋಡಿ ನಗುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. 2007ರಲ್ಲಿ ಐಫೋನ್ ಬಂದಾಗ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಕ್ಯಾಮೆರಾ ಮುಂದೆಯೇ ನಕ್ಕಿದ್ದರು, ಫೋನಿಗೆ 500 ಡಾಲರಾ ಅಂತ. ಆ ನಗು ಈಗ ಅವರಿಗೇ ಮುಜುಗರ. ಹಾಗಂತ ನಕ್ಕವರೆಲ್ಲ ತಪ್ಪಿದ್ದಾರೆ ಅಂತಲೂ ಇಲ್ಲ. 2013ರ ಗೂಗಲ್ ಗ್ಲಾಸ್ 1,500 ಡಾಲರಿಗೆ ಬಂದು, ಎದುರಿಗಿದ್ದವರನ್ನು ಕದ್ದು ರೆಕಾರ್ಡ್ ಮಾಡುತ್ತದೆ ಅನ್ನುವ ಸಿಟ್ಟಿಗೆ ಸಿಕ್ಕಿ, 2015ರ ಜನವರಿಯಲ್ಲಿ ಮಾರುಕಟ್ಟೆಯಿಂದ ಹೋಯಿತು. ಬೆಲೆಯನ್ನಷ್ಟೇ ನೋಡಿದ್ದರೆ ಇವೆರಡರ ಭವಿಷ್ಯ ಹೇಳೋಕೆ ಆಗುತ್ತಿರಲಿಲ್ಲ.

ಇನ್ನೇನು ನೋಡಬೇಕಿತ್ತು? ಇದಕ್ಕೆ ನಾನು ಓದಿದ ಯಾವ ಟೆಕ್ ವಿಮರ್ಶೆಗಿಂತ ಚೆನ್ನಾಗಿ ಉತ್ತರ ಕೊಟ್ಟವರು ಬನಹಟ್ಟಿಯ ನಮ್ಮ ಕಾಕಾ.

ಮುಧೋಳದಿಂದ ಅಲ್ಲಿಗೆ ಹೋಗುವುದಕ್ಕೆ ಮುಂಚೆ ಜಮಖಂಡಿಯಲ್ಲಿ ಇಳಿದು ಒಂದು ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿದ್ದೆ. ಕೌಂಟರಿನ ಹುಡುಗನಿಗೆ ಸ್ಪೆಕ್ಸ್ ಎಲ್ಲ ಬಾಯಿಪಾಠ. "ಇಲ್ಲಿ ಬರಂಗಿಲ್ಲರಿ ಅದು. ಬಂದ್ರ ಇಎಂಐದಾಗ ಹೋಗತೈತಿ, ಐಫೋನ್ ಹೋಗಂಗಿಲ್ಲೇನು?" ಅವನ ಮಾತಲ್ಲಿ ಅರ್ಧ ನಿಜ. ಭಾರತದಲ್ಲಿ ಆಪಲ್ ಇದನ್ನು ಅಧಿಕೃತವಾಗಿ ಮಾರುತ್ತಲೇ ಇಲ್ಲ, ಬೇಕಾದವರು ದುಬೈ, ಸಿಂಗಪುರದಿಂದ ತರಿಸಿಕೊಳ್ಳಬೇಕು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಕಾನವರದು ನಾಲ್ಕು ಪವರ್‌ಲೂಮ್. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ಗೊತ್ತು, ಕರೆಂಟ್ ಇದ್ದಷ್ಟು ಹೊತ್ತು ಆ ಊರಲ್ಲಿ ಮೆಲ್ಲಗೆ ಮಾತಾಡೋಕೆ ಬರುವುದಿಲ್ಲ. ಮಗ್ಗ ನಿಲ್ಲಿಸಿ ಅವರು ವಿಡಿಯೋ ನೋಡಿದರು. ಮೊದಲು ಅವರ ಕಣ್ಣು ಹೋದದ್ದು ಹೆಡ್‌ಸೆಟ್ಟಿನ ಪಟ್ಟಿಯ ಮೇಲೆ. ಹೊಸ ಮಾದರಿಗೆ ಡ್ಯುಯಲ್ ನಿಟ್ ಬ್ಯಾಂಡ್ ಅಂತ ಕೊಟ್ಟಿದ್ದಾರೆ, ಮುಂದಿನ ಭಾರಕ್ಕೆ ಸರಿದೂಗಲಿ ಅಂತ ಒಳಗೆ ಟಂಗ್‌ಸ್ಟನ್ ತುಂಡು ಇಟ್ಟಿದ್ದಾರೆ. ಬಿಡಿಯಾಗಿ ಕೊಂಡರೆ ಪಟ್ಟಿಗೇ 99 ಡಾಲರ್.

"ಇದು ನೇಯ್ದದ್ದಲ್ಲ ತಮ್ಮಾ, ಹೆಣೆದದ್ದು" ಅಂದರು. ನೇಕಾರರಿಗೆ ಅದು ಬೇರೆಯೇ ಜಾತಿ. ಆಮೇಲೆ ಕೇಳಿದರು: "ಏನ್ ಕೆಲಸ ಮಾಡತೈತಿ ಅದು?"

ಸಿನಿಮಾ ನೋಡಬಹುದು, ಕೋಣೆ ತುಂಬ ಕಂಪ್ಯೂಟರ್ ಪರದೆ ತೂಗುಹಾಕಿಕೊಳ್ಳಬಹುದು, ಮಕ್ಕಳ ವಿಡಿಯೋ ಎದುರಿಗೇ ಇದ್ದ ಹಾಗೆ ಕಾಣುತ್ತದೆ ಅಂದೆ.

"ಅದು ನೋಡೂದಾತು. ಕೆಲಸ ಏನು? ಹಾಕಿದ ರೊಕ್ಕ ಎಷ್ಟ ದಿನದಾಗ ತಿರುಗಿ ಬರತೈತಿ?"

ನಗುತ್ತಾ ಕೇಳಿದ್ದಲ್ಲ. ಮಗ್ಗ ಇರಲಿ, ವಾರ್ಪಿಂಗ್ ಯಂತ್ರ ಇರಲಿ, ಆ ಊರಲ್ಲಿ ಯಾವ ಯಂತ್ರ ಬಂದರೂ ಕೇಳುವ ಪ್ರಶ್ನೆ ಅದು. ಮುಧೋಳ ಸೀಮೆಯಲ್ಲಿ ಕೋಟಿ ರೂಪಾಯಿ ಆಸುಪಾಸಿನ ಕಬ್ಬು ಕಟಾವು ಯಂತ್ರಗಳು ಓಡಾಡುತ್ತವೆ, ಅದನ್ನು ನೋಡಿ ಯಾರೂ ರೀಲ್ ಮಾಡಿ ನಗುವುದಿಲ್ಲ. ಅದು ಹಂಗಾಮಿನಲ್ಲಿ ಎಷ್ಟು ಟನ್ ಕಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. (ಅದು ಬಂದಷ್ಟೂ ಬೀಡ್ ಕಡೆಯಿಂದ ಬರುವ ಕಟಾವು ಗ್ಯಾಂಗಿನ ಕೂಲಿ ಹೋಗುತ್ತದೆ ಅನ್ನುವುದೂ ಎಲ್ಲರಿಗೂ ಗೊತ್ತು. ಆ ಲೆಕ್ಕ ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.) ಕುಕ್ ಅವರ "ನಾಳಿನ ತಂತ್ರಜ್ಞಾನ" ಅನ್ನುವ ಉತ್ತರ ಕಾಕಾನ ಪ್ರಶ್ನೆಗೆ ಉತ್ತರವೇ ಅಲ್ಲ. ಡಬ್ಬಿ ವಾಪಸ್ ಕೊಟ್ಟ ಅಮೆರಿಕದವರೂ ಕೊನೆಗೆ ಬರೆದದ್ದು ಇದನ್ನೇ: ಅದ್ಭುತವಾಗಿದೆ, ಆದರೆ ಮೂರನೇ ದಿನಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಇಂಜಿನಿಯರಿಂಗ್ ಓದಿದ ನನ್ನೊಳಗಿನ ಇನ್ನೊಬ್ಬನಿಗೆ ಇಷ್ಟಕ್ಕೆ ಸಮಾಧಾನ ಇಲ್ಲ. ಕಾಕಾ ಕೂತಿದ್ದ ಜಾಗದಿಂದ ಕೈಯೆತ್ತಿದರೆ ಸಿಗುವಷ್ಟು ದೂರದಲ್ಲಿ, ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಇದೆ. 1804ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ ಮಾಡಿದ ಉಪಾಯ: ತೂತು ಹೊಡೆದ ರಟ್ಟಿನ ಕಾರ್ಡು ಹೇಳಿದ ಹಾಗೆ ಹಾಸಿನ ಎಳೆ ಏಳುತ್ತದೆ, ಸೆರಗಿನ ಚಿತ್ತಾರ ಮೂಡುತ್ತದೆ. ಅದೇ ಕಾರ್ಡನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಲು ಹೊರಟ. ಕಂಪ್ಯೂಟರಿನ ವಂಶಾವಳಿ ಬರೆದರೆ ಮೂಲಪುರುಷ ಬನಹಟ್ಟಿಯ ಅಟ್ಟದ ಮೇಲೆ ಕೂತಿದ್ದಾನೆ. ಜಕಾರ್ಡ್ ಬಂದಾಗಲೂ ಲಿಯಾನ್‌ನ ನೇಕಾರರು ಕೆಲಸ ಹೋಗುತ್ತದೆ ಅಂತ ತಿರುಗಿ ಬಿದ್ದಿದ್ದರು. ಹಾಗಾಗಿ "ಕೆಲಸ ಏನು" ಅಂತ ಇವತ್ತೇ ಕೇಳಿ ಇವತ್ತೇ ತೀರ್ಪು ಕೊಟ್ಟರೆ ತಪ್ಪಬಹುದು. ಕೆಲಸವನ್ನು ಯಾರಾದರೂ ಹುಡುಕಬೇಕು. ಹುಡುಕುವುದಕ್ಕೆ ಯಂತ್ರ ಕೈಗೆ ಸಿಗಬೇಕು.

ಇಲ್ಲಿಂದ ನಾನು ಬೀಳಗಿಗೆ ಹೋದದ್ದು ಬೇರೆ ವರದಿಗೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ 75,563 ಎಕರೆ ಮುಳುಗಡೆಯಾಗಬೇಕು. ಸೆಪ್ಟೆಂಬರ್‌ನಲ್ಲಿ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ದರ ತೀರ್ಮಾನ ಮಾಡಿತ್ತು. ಬೀಳಗಿ ತಾಲ್ಲೂಕಿಗೆ ಮುಳುಗಡೆ ಹೊಸದಲ್ಲ, ಹಳೇ ಊರು ಮತ್ತು ಪುನರ್ವಸತಿ ಕೇಂದ್ರ ಅನ್ನುವ ಎರಡು ವಿಳಾಸ ಇಲ್ಲದ ಮನೆ ಆ ಕಡೆ ಕಡಿಮೆ.

ಅಲ್ಲಿ ಒಬ್ಬ ಬಿಎಸ್ಸಿ ಹುಡುಗ ಸಿಕ್ಕ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ ಉಚಿತ ಆ್ಯಪ್ ಹಾಕಿಕೊಂಡು, ಅಜ್ಜಿಯ ಮನೆಯನ್ನು ಸುತ್ತಲಿಂದ ಮುನ್ನೂರು ಫೋಟೋ ತೆಗೆದು ಜೋಡಿಸಿದ್ದ. ಫೋಟೋಗ್ರಾಮೆಟ್ರಿ ಅಂತಾರೆ ಇದಕ್ಕೆ. ಫೋನಿನಲ್ಲಿ ಬೆರಳಾಡಿಸಿದರೆ ಮನೆ ಬೊಂಬೆಯ ಹಾಗೆ ತಿರುಗುತ್ತದೆ. ಕಟ್ಟೆ, ದನದ ಗ್ವಾದಲಿ, ಬಾಗಿಲ ಮೇಲಿನ ಕೆತ್ತನೆ. ಅಲ್ಲಲ್ಲಿ ಗೋಡೆ ಕರಗಿದ ಹಾಗೆ ಕಲಸಿಹೋಗಿತ್ತು.

"ಅಣ್ಣಾ, ಆ ಗಾಗಲ್ ಹಾಕ್ಕೊಂಡ್ರ ಇದರ ಒಳಗ ಅಡ್ಯಾಡಾಕ ಬರತೈತೇನು? ಊರ ಮುಳುಗಿದ ಮ್ಯಾಲ ಅಜ್ಜಿಗಿ ತೋರಿಸಬೇಕು."

ಬರುತ್ತದೆ. ಅದು ನಿಜವಾಗಿಯೂ ಆ ಯಂತ್ರ ಚೆನ್ನಾಗಿ ಮಾಡುವ ಕೆಲಸ. ಕ್ಯಾಲಿಫೋರ್ನಿಯಾದ ಜಾಹೀರಾತಿನಲ್ಲಿ ಅಪ್ಪ ಸೋಫಾದ ಮೇಲೆ ಕೂತು ಮಕ್ಕಳ ಹುಟ್ಟುಹಬ್ಬದ ವಿಡಿಯೋ ನೋಡುತ್ತಾನೆ. ಇಲ್ಲಿ ಹೋಗಿಬಿಡುವ ಊರೊಂದಿದೆ, ಅಳತೆ ಪುಸ್ತಕದಲ್ಲಿ ಇಷ್ಟು ಗುಂಟೆ, ಇಷ್ಟು ಚದರಡಿ ಅಂತಷ್ಟೇ ಉಳಿಯುವ ಊರು. ಇದು ಅಜ್ಜಿಯ ಸಂತೋಷಕ್ಕೆ ಮಾತ್ರ ಅಲ್ಲ. ಕಟ್ಟಡದ ಪರಿಹಾರದ ತಕರಾರು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕೊಳೆಯುವ ಜಿಲ್ಲೆ ಇದು. ಮನೆ ಹೇಗಿತ್ತು ಅನ್ನುವುದಕ್ಕೆ ಮೂರು ಆಯಾಮದ ದಾಖಲೆ ಇದ್ದರೆ ವಾದಕ್ಕೆ ಒಂದು ಆಧಾರವಾದರೂ ಆಗುತ್ತದೆ.

ಈಗ ಸರ್ಕಾರದ ಕಡೆ ಬರೋಣ. 2024ರ ಜನವರಿ ಕೊನೆಯಲ್ಲಿ, ಅಂದರೆ ಅಮೆರಿಕದಲ್ಲಿ ವಿಷನ್ ಪ್ರೊ ಅಂಗಡಿಗೆ ಬರುವ ಕೆಲವೇ ದಿನ ಮೊದಲು, ಕರ್ನಾಟಕ ತನ್ನ ಎವಿಜಿಸಿ-ಎಕ್ಸ್‌ಆರ್ ನೀತಿ 2024-29 ಬಿಡುಗಡೆ ಮಾಡಿತು. ಅನಿಮೇಷನ್, ಗೇಮಿಂಗ್ ಜೊತೆಗೆ ಈ ಎಕ್ಸ್‌ಆರ್ ಕೂಡ ಸೇರಿತು. 30 ಸಾವಿರ ಉದ್ಯೋಗದ ಗುರಿ. ಈ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ನಾವು 2012ರಲ್ಲೇ ಮಾಡಿದ್ದೆವು, ಅದಕ್ಕೆ ಶಹಬ್ಬಾಸ್ ಅನ್ನೋಣ. ಉತ್ಕೃಷ್ಟತಾ ಕೇಂದ್ರವೂ ಇದೆ, ಬೆಂಗಳೂರಿನ ಮಹದೇವಪುರದಲ್ಲಿ. ಬೀಳಗಿಯಿಂದ ಒಂದು ರಾತ್ರಿಯ ಬಸ್ಸು.

ಎಕ್ಸ್‌ಆರ್ ಉದ್ಯೋಗ ಅಂದರೆ ಈ ಹೆಡ್‌ಸೆಟ್ಟುಗಳಿಗೆ ಏನಾದರೂ ತಯಾರಿಸುವ ಉದ್ಯೋಗ. ದೇಶದಲ್ಲಿ ಮಾರಾಟಕ್ಕೇ ಇಲ್ಲದ, 3 ಲಕ್ಷದ ಯಂತ್ರಕ್ಕೆ ಬಾಗಲಕೋಟೆಯಲ್ಲಿ ಓದುವ ಹುಡುಗಿ ಏನು ತಯಾರಿಸುತ್ತಾಳೆ, ಯಾವುದರ ಮೇಲೆ ಪರೀಕ್ಷೆ ಮಾಡುತ್ತಾಳೆ? "ದುಬಾರಿ" ಅನ್ನುವ ಮಾತು ನಿಜವಾಗಿ ಚುಚ್ಚುವುದು ಇಲ್ಲಿ. ಕೊಳ್ಳುವವನಿಗೆ ದುಬಾರಿ ಆದರೆ ಆತ ಸಿನಿಮಾವನ್ನು ಟಿವಿಯಲ್ಲಿ ನೋಡುತ್ತಾನೆ, ನಷ್ಟ ಏನಿಲ್ಲ. ಕಲಿಯುವವಳಿಗೆ ದುಬಾರಿ ಆದರೆ ಆ 30 ಸಾವಿರದ ಪಟ್ಟಿಯಿಂದ ಆಕೆ ಮೊದಲೇ ಹೊರಗೆ.

ಇದಕ್ಕೆ ಪರಿಹಾರ ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಇಲ್ಲಿ ಎಷ್ಟು ರೈತರು ಸ್ವಂತ ರೋಟವೇಟರ್ ಇಟ್ಟುಕೊಂಡಿದ್ದಾರೆ? ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಾರೆ. 2014-15ರಿಂದ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಕೊಳ್ಳಲಾಗದ ಯಂತ್ರವನ್ನು ಬಾಡಿಗೆಗೆ ಕೊಡಲೆಂದೇ. ಹಾಗೇ ತಾಲ್ಲೂಕಿಗೆ ಒಂದು ಕಡೆ, ಐಟಿಐನಲ್ಲೋ ಸರ್ಕಾರಿ ಪದವಿ ಕಾಲೇಜಿನಲ್ಲೋ, ಎರಡು ಹೆಡ್‌ಸೆಟ್, ಒಂದು ಒಳ್ಳೆಯ ಕಂಪ್ಯೂಟರ್ ಇಡಿ. ಆಪಲ್‌ದೇ ಆಗಬೇಕಂತಿಲ್ಲ, 500 ಡಾಲರಿಗೆ ಬಂದ ಮೆಟಾ ಕ್ವೆಸ್ಟ್ 3 ಕೂಡ ಕಲಿಯಲು ಸಾಕು. ತಾಸಿಗೆ ಇಷ್ಟು ಅಂತ ಬಾಡಿಗೆ ಹಾಕಿ.

ಸಾಲೆಗೆ ಮೊದಲು ಮಾಸ್ತರನ್ನ ಕೊಡ್ರಿ, ಗಾಗಲ್ ಆಮೇಲೆ ಅನ್ನುವ ಮಾತು ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಮಾಸ್ತರು ಬೇಕು, ಅದರಲ್ಲಿ ಚೌಕಾಸಿ ಇಲ್ಲ. ನನಗಿರುವ ಭಯ ಬೇರೆ. ನಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ಒಂದು ದುಬಾರಿ ಯಂತ್ರ ಇತ್ತು. ನಾಲ್ಕು ವರ್ಷವೂ ಅದರ ಮೇಲೆ ಹಸಿರು ಬಟ್ಟೆ ಹೊದಿಸಿತ್ತು, ತಪಾಸಣಾ ಸಮಿತಿ ಬಂದ ದಿನ ಮಾತ್ರ ಬಟ್ಟೆ ತೆಗೆದಿದ್ದರು. ಕೆಟ್ಟರೆ ಜವಾಬ್ದಾರಿ ಯಾರದ್ದು ಅಂತ ಲ್ಯಾಬ್ ಸಹಾಯಕರು ಕೀಲಿ ಕೊಡುತ್ತಿರಲಿಲ್ಲ. ಅವರ ಪಗಾರದಲ್ಲಿ ಹಿಡಿಯುತ್ತಾರೆ ಅನ್ನುವ ಹೆದರಿಕೆ ಅವರಿಗೆ, ಅವರನ್ನು ಬಯ್ದು ಉಪಯೋಗ ಇಲ್ಲ. ಹಾಗಾಗಿ ಯಂತ್ರ ಕೊಟ್ಟರಷ್ಟೇ ಸಾಲದು, ಕೆಟ್ಟರೆ ರಿಪೇರಿಗೆ ದುಡ್ಡು ಮತ್ತು ಕೆಟ್ಟದ್ದಕ್ಕೆ ಯಾರನ್ನೂ ಹಿಡಿಯುವುದಿಲ್ಲ ಅನ್ನುವ ಆದೇಶ ಎರಡೂ ಬೇಕು. 2025ರ ನವೆಂಬರ್‌ನಲ್ಲಿ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಆರ್.ಬಿ. ತಿಮ್ಮಾಪುರ ಮುಧೋಳದ ಶಾಸಕರೇ. ನೀತಿಯ ಅವಧಿ 2029ರವರೆಗೆ ಇದೆ. ಕೇಳಬಹುದು.

ಅವರನ್ನು ಆ ವಾರ ಕೇಳುವ ಸ್ಥಿತಿ ಇರಲಿಲ್ಲ. ನವೆಂಬರ್ 13ರ ಸಂಜೆ ಸಮೀರವಾಡಿ ಕಾರ್ಖಾನೆ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬೆಂಕಿ ಬಿತ್ತು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ನಿಷೇಧಾಜ್ಞೆ ಬಂತು. ಹೆಡ್‌ಸೆಟ್ಟಿನ ರೀಲ್ ಎಲ್ಲರ ಫೋನಿನಿಂದ ಕೆಳಗೆ ಸರಿದು, ಅದರ ಜಾಗದಲ್ಲಿ ಉರಿಯುವ ಟ್ರೇಲರ್‌ಗಳು ಬಂದವು.

ಬೀಳಗಿಯ ಹುಡುಗ ಮೊನ್ನೆ ಮೆಸೇಜ್ ಹಾಕಿದ್ದ. ಮೊದಲ ಸಲ ಹಿತ್ತಲು ಬಿಟ್ಟುಹೋಗಿತ್ತಂತೆ, ಮತ್ತೆ ನಾನೂರು ಫೋಟೋ ತೆಗೆದಿದ್ದಾನೆ. ಪಕ್ಕದ ಮನೆಯವರೂ ತಮ್ಮದನ್ನು ತೆಗೆದುಕೊಡು ಅಂತ ಕೇಳಿದ್ದಾರೆ. ಫೋನ್ ಸ್ಟೋರೇಜ್ ತುಂಬಿದೆ, ಹಳೇ ಹಾರ್ಡ್ ಡಿಸ್ಕ್ ಇದ್ದರೆ ಬರುವಾಗ ತಗೊಂಡು ಬರ್ರಿ ಅಣ್ಣಾ ಅಂದಿದ್ದಾನೆ.