ದಿನಕ್ಕೊಂದು ಡಾಲರಿನ ಅಡುಗೆ



ಮದುವೆ ಮನೆಯ ಅಡುಗೆ ಕಂಟ್ರಾಕ್ಟು ನಿಮಗೆಲ್ಲ ಗೊತ್ತೇ ಇದೆ. ಎಲೆಗೆ ಇಷ್ಟು ಎಂದು ಮಾತಾಡಿ ಐನೂರು ಎಲೆಗೆ ಒಪ್ಪಿದ ಮೇಲೆ, ಊಟಕ್ಕೆ ಮುನ್ನೂರೇ ಜನ ಬಂದರೂ ಐನೂರರ ದುಡ್ಡು ಎಣಿಸಲೇಬೇಕು. ಆಗ ಹೆಣ್ಣಿನ ತಂದೆ ಏನು ಮಾಡುತ್ತಾರೆ? "ಹೇಗೂ ಕೊಡೋದು ಕೊಡಲೇಬೇಕು, ಬೀದಿಯವರನ್ನೆಲ್ಲ ಕರೆದು ಕೂರಿಸ್ರಪ್ಪಾ" ಅಂತಾರೆ. ಮದುವೆಯಲ್ಲಿ ಇದು ಒಳ್ಳೆಯದೇ, ನಾಲ್ಕು ಜನ ಉಂಡು ಹರಸುತ್ತಾರೆ. ಇದೇ ಲೆಕ್ಕವನ್ನು ಜನರನ್ನು ಕೂಡಿಹಾಕುವ ಜಾಗಕ್ಕೆ ಹಾಕಿದರೆ?

ಅಮೆರಿಕದಲ್ಲಿ ಹಾಗೇ ಆಗಿದೆ. ವೀಸಾ ಅವಧಿ ಮುಗಿದವರು, ಕಾಗದಪತ್ರವಿಲ್ಲದೆ ಗಡಿ ದಾಟಿದವರು, ಪ್ರಾಣಭಯದಿಂದ ಆಶ್ರಯ ಕೇಳಿ ಬಂದವರು, ಇಂಥವರನ್ನು ವಿಚಾರಣೆ ಮುಗಿಯುವ ತನಕ ಬಂಧನ ಕೇಂದ್ರಗಳಲ್ಲಿ ಇಡುತ್ತಾರೆ. ಕಾನೂನಿನ ಲೆಕ್ಕದಲ್ಲಿ ಇದು ಶಿಕ್ಷೆಯಲ್ಲ, ಬರೀ ಕಾಯಿಸುವುದು. ಆದರೆ ಹೀಗೆ ಕಾಯುವವರಲ್ಲಿ ಬಹುಪಾಲು ಜನ ಇರುವುದು ಖಾಸಗಿ ಕಂಪನಿಗಳು ನಡೆಸುವ ಕಟ್ಟಡಗಳಲ್ಲಿ. ಈಗ ಕೋರ್‌ಸಿವಿಕ್ ಎಂಬ ಹೆಸರಿನ ಕಂಪನಿ ಶುರುವಾದದ್ದು 1983ರಲ್ಲಿ. ಸ್ವಂತ ಕಟ್ಟಡ ಏಳುವ ಮೊದಲೇ, 1984ರಲ್ಲಿ, ಹ್ಯೂಸ್ಟನ್ ನಗರದ ಒಂದು ವಸತಿಗೃಹವನ್ನು ಬಾಡಿಗೆಗೆ ಹಿಡಿದು ಜನರನ್ನು ಅದರಲ್ಲಿ ಇಟ್ಟಿತು. ಇನ್ನೊಂದು ದೊಡ್ಡ ಕಂಪನಿ ಜಿಯೋ ಗ್ರೂಪ್.

ಸರ್ಕಾರದ ಎಷ್ಟೋ ಕರಾರುಗಳಲ್ಲಿ, ಇಷ್ಟು ಹಾಸಿಗೆಗೆ ಹಣ ಖಂಡಿತ ಎಂಬ ಮಾತಿದೆ. ಮಲಗುವವರು ಇರಲಿ ಬಿಡಲಿ, ದುಡ್ಡು ಸಂದಾಯ. 2009ರಿಂದ ಅಲ್ಲಿನ ಸಂಸತ್ತು ದೇಶಕ್ಕೆಲ್ಲ ಸೇರಿ ಇಂತಿಷ್ಟು ಹಾಸಿಗೆ ಇರಲೇಬೇಕೆಂದು ಬಜೆಟ್ಟಿನಲ್ಲೇ ಬರೆದಿಟ್ಟಿತ್ತು. ಮೊದಲು 33,400, ಆಮೇಲೆ 34,000. 2017ರಲ್ಲಿ ಆ ಸಾಲು ಹೋಯಿತು, ವ್ಯಾಪಾರ ಹೋಗಲಿಲ್ಲ. 2025ರ ಜುಲೈಯಲ್ಲಿ ಬಂದ ಕಾನೂನು ಬಂಧನ ಕೇಂದ್ರಗಳಿಗೆಂದೇ 4,500 ಕೋಟಿ ಡಾಲರು ಎತ್ತಿಟ್ಟಿದೆ.

ಈಗ ನಮಗೆ ಚೆನ್ನಾಗಿ ಅರ್ಥವಾಗುವ ವಿಷಯಕ್ಕೆ ಬರೋಣ. ಅಷ್ಟು ಜನಕ್ಕೆ ಬೇಯಿಸುವವರು ಯಾರು? ಪಾತ್ರೆ ಬೆಳಗುವವರು, ಬಟ್ಟೆ ಒಗೆಯುವವರು, ನೆಲ ಒರೆಸುವವರು ಯಾರು? ಅನೇಕ ಕೇಂದ್ರಗಳಲ್ಲಿ ಅಲ್ಲೇ ಕೂಡಿಟ್ಟ ಜನರೇ. ಕೂಲಿ ದಿನಕ್ಕೆ ಒಂದು ಡಾಲರು. ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನಲ್ಲಿ ಜಿಯೋ ಗ್ರೂಪ್ ನಡೆಸುವ 1,575 ಜನ ಹಿಡಿಸುವ ಕೇಂದ್ರದಲ್ಲೂ ಹೀಗೇ ನಡೆಯುತ್ತಿತ್ತು. 2021ರಲ್ಲಿ ಆ ರಾಜ್ಯದ ಕನಿಷ್ಠ ಕೂಲಿ ಗಂಟೆಗೇ 13 ಡಾಲರು 69 ಸೆಂಟು! ಹೊರಗಿನವರನ್ನು ಕೆಲಸಕ್ಕಿಟ್ಟರೆ ಅಷ್ಟು ಕೊಡಬೇಕು, ಒಳಗಿನವರಾದರೆ ಒಂದು ಡಾಲರು ಸಾಕು. ಲಾಭ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕೇ?

2017ರಲ್ಲಿ ಕೆಲಸ ಮಾಡಿದವರೂ ರಾಜ್ಯ ಸರ್ಕಾರವೂ ಕೋರ್ಟಿಗೆ ಹೋದರು. "ಇಷ್ಟವಿದ್ದವರು ಮಾಡುತ್ತಾರೆ, ನಾವೇನು ಬಲವಂತ ಮಾಡಿಲ್ಲ" ಎಂಬುದು ಕಂಪನಿಯ ವಾದ. 2021ರಲ್ಲಿ ಜ್ಯೂರಿಯವರು ಅದನ್ನು ಒಪ್ಪದೆ, ದುಡಿದವರಿಗೆ 1 ಕೋಟಿ 73 ಲಕ್ಷ ಡಾಲರು ಬಾಕಿ ಕೂಲಿ ಕೊಡಬೇಕೆಂದರು. 2025ರ ಜನವರಿಯಲ್ಲಿ ಮೇಲಿನ ಕೋರ್ಟೂ ಇದನ್ನು ಎತ್ತಿಹಿಡಿಯಿತು. ತೀರ್ಪು ಬಂದ ಮೇಲೆ ಕಂಪನಿ ಏನು ಮಾಡಿತು ಗೊತ್ತೇ? ಕೂಲಿ ಹೆಚ್ಚಿಸುವುದರ ಬದಲು ಆ ಕೆಲಸವನ್ನೇ ನಿಲ್ಲಿಸಿತು.

"ಕಾನೂನು ಮೀರಿ ಹೋದವರು ಅನುಭವಿಸಲಿ ಬಿಡಿ" ಎಂದು ಕೆಲವರು ಅನ್ನಬಹುದು. ದೇಶಕ್ಕೆ ಗಡಿ ಬೇಕು, ನಿಯಮವೂ ಬೇಕು, ಒಪ್ಪೋಣ. ಆದರೆ ಒಬ್ಬ ಮನುಷ್ಯ ಇನ್ನೊಂದು ದಿನ ಒಳಗಿದ್ದರೆ ಯಾರಿಗೋ ಇನ್ನೊಂದು ದಿನದ ಆದಾಯ ಎಂದಾದಾಗ, ಅವನನ್ನು ಬೇಗ ಕಳಿಸುವ ಆತುರ ಯಾರಿಗಿರುತ್ತದೆ? ಮನೆಗೆಲಸಕ್ಕೆ ಬೆಲೆಯೇ ಇಲ್ಲ ಎಂಬ ಮಾತು ಕೇಳಿ ಕೇಳಿ ಬೇಸತ್ತ ನಾವಾದರೂ, ಬೇಯಿಸಿ ಬಡಿಸಿದ ಕೈಗೆ ನ್ಯಾಯವಾದ ಕೂಲಿ ಸಿಗಬೇಕು ಅನ್ನೋಣ.

ಮಕ್ಕಳು ಅಮೆರಿಕದಲ್ಲಿರುವ ತಾಯಂದಿರಿಗೆ ಎರಡು ಮಾತು. ಅವರ ಪಾಸ್‌ಪೋರ್ಟು, ವೀಸಾ ಕಾಗದಗಳ ಒಂದೊಂದು ಪ್ರತಿ ನಿಮ್ಮ ಬೀರುವಿನಲ್ಲೂ ಇರಲಿ, ವೀಸಾ ಮುಗಿಯುವ ತಾರೀಖು ಕ್ಯಾಲೆಂಡರಿನಲ್ಲಿ ಗುರುತಾಗಿರಲಿ. ಬಂಧನವಾದರೆ ಭಾರತದ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು ಅವರಿಗಿದೆ. ವಲಸೆ ನ್ಯಾಯಾಲಯದಲ್ಲಿ ಸರ್ಕಾರ ಸಾಮಾನ್ಯವಾಗಿ ವಕೀಲರನ್ನು ಕೊಡುವುದಿಲ್ಲ, ನಾವೇ ಗೊತ್ತು ಮಾಡಬೇಕು. ಇದನ್ನು ಮುಂದಿನ ಫೋನಿನಲ್ಲೇ ಅವರಿಗೆ ಹೇಳಿಬಿಡಿ.