ಮನೆಯ ವೈಫೈ ಡಬ್ಬಿಗೂ ಒಂದು ಬೀಗ ಹಾಕೋಣ

2017ರ ಜುಲೈ ಕೊನೆಯಲ್ಲಿ ಕರ್ನಾಟಕವೂ ಸೇರಿ ದೇಶದ ಹಲವೆಡೆ ಬಿಎಸ್‌ಎನ್‌ಎಲ್‌ನ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಕೇಬಲ್ ಕಡಿದಿರಲಿಲ್ಲ, ಸಿಡಿಲೂ ಬಡಿದಿರಲಿಲ್ಲ. ಹೊರಗಿನಿಂದ ಬಂದ ಒಂದು ಮಾಲ್‌ವೇರ್ ಒಳಹೊಕ್ಕು ಅವನ್ನು ಕೆಡಿಸಿತ್ತು. ಒಳಹೊಗಲು ಅದು ದೊಡ್ಡ ಸಾಹಸವನ್ನೇನೂ ಮಾಡಬೇಕಾಗಿರಲಿಲ್ಲ. ಕಾರ್ಖಾನೆಯಿಂದ ಬರುವಾಗ ಇದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಯಾರು ಉಳಿಸಿಕೊಂಡಿದ್ದರೋ ಅವರ ಮೋಡೆಮ್‌ಗಳು ಹಾಳಾದವು. ದಯವಿಟ್ಟು ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಆಗ ಗ್ರಾಹಕರನ್ನು ಕೇಳಿಕೊಂಡಿತು. ಅದೇ ಕೋರಿಕೆಯನ್ನು ಇಷ್ಟು ವರ್ಷಗಳ ಮೇಲೆ ನಿಮ್ಮ ಮುಂದೆ ಮತ್ತೆ ಇಡುತ್ತಿದ್ದೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಪರಿಸ್ಥಿತಿ ಹೆಚ್ಚೇನೂ ಬದಲಾಗಿಲ್ಲ.

ಹೊಸ ಫೈಬರ್ ಸಂಪರ್ಕ ಬಂದ ದಿನವನ್ನು ನೆನಪಿಸಿಕೊಳ್ಳಿ. ಹುಡುಗ ಬರುತ್ತಾನೆ, ಕಿಟಕಿಯ ಮೂಲೆಯಲ್ಲಿ ತೂತು ಕೊರೆದು ತಂತಿ ಒಳಗೆಳೆಯುತ್ತಾನೆ, ಟಿವಿಯ ಮೇಲ್ಗಡೆ ಗೋಡೆಗೆ ಡಬ್ಬಿ ಬಿಗಿಯುತ್ತಾನೆ. ಸಂಜೆಯೊಳಗೆ ಅವನು ಇನ್ನೂ ನಾಲ್ಕು ಮನೆ ಮುಗಿಸಬೇಕು. ‘ಪಾಸ್‌ವರ್ಡ್ ಏನಿಡ್ಲಿ ಅಂಕಲ್?’ ಎಂದು ಕೇಳುತ್ತಾನೆ, ಅಂಕಲ್ ಯೋಚಿಸುವಷ್ಟರಲ್ಲಿ ಅವರ ಮೊಬೈಲ್ ನಂಬರನ್ನೇ ಹಾಕಿ ಮುಗಿಸಿರುತ್ತಾನೆ. ನೆಟ್‌ವರ್ಕಿಗೆ ಮನೆ ಯಜಮಾನರ ಹೆಸರು. ಮರೆತೀರಿ ಅಂತ ಆ ಹತ್ತು ಅಂಕಿಗಳನ್ನು ಡಬ್ಬಿಯ ಪಕ್ಕದ ಗೋಡೆಯಲ್ಲಿ ಪೆನ್ಸಿಲಿನಿಂದ ಬರೆದೂ ಹೋಗುತ್ತಾನೆ. ಯಜಮಾನರ ನಂಬರು ಹಾಲಿನವರಿಗೆ, ಪೇಪರಿನವರಿಗೆ, ಗ್ಯಾಸಿನವರಿಗೆ, ಇಡೀ ಬೀದಿಗೆ ಗೊತ್ತು. ಆ ಹುಡುಗನನ್ನು ದೂರುವುದು ಅನ್ಯಾಯ. ಕಂಪನಿ ಅವನಿಗೆ ಕಲಿಸಿದ್ದೂ ಅಷ್ಟೇ, ಕೊಟ್ಟ ಸಮಯವೂ ಅಷ್ಟೇ.

ಇದರ ಹಿಂದೆ ಇನ್ನೂ ದೊಡ್ಡ ಲೋಪವೊಂದಿದೆ. ಆ ಡಬ್ಬಿಗೆ ಇರುವುದು ಎರಡು ಪಾಸ್‌ವರ್ಡ್. ಒಂದು ವೈಫೈಯದು, ನೆಂಟರು ಬಂದಾಗ ನಾವು ಹೇಳಿಕೊಡುವಂಥದ್ದು. ಇನ್ನೊಂದು ಡಬ್ಬಿಯದೇ, ಅಂದರೆ ಅದರ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸುವ ಅಧಿಕಾರ ಕೊಡುವಂಥದ್ದು. ಮೊದಲನೆಯದು ಬೀದಿ ಬಾಗಿಲಿನ ಕೀಲಿಯಾದರೆ ಎರಡನೆಯದು ಬೀರುವಿನ ಕೀಲಿ. ಬಹಳಷ್ಟು ಮನೆಗಳಲ್ಲಿ ಈ ಎರಡನೆಯದು ಇದೆ ಎಂಬುದೇ ಗೊತ್ತಿಲ್ಲ. ಡಬ್ಬಿಯನ್ನು ಮಗುಚಿ ನೋಡಿದರೆ ತಳದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಹಳೆಯ ಮಾದರಿಗಳಲ್ಲಂತೂ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’.

‘ನಮ್ಮ ಮನೆ ವೈಫೈಯಲ್ಲಿ ಕದಿಯೋಕೆ ಏನಿದೆ?’ ಎಂದು ಬಹಳ ಜನ ಕೇಳುತ್ತಾರೆ. ಅವರಿಗೆ ಬ್ರೆಜಿಲ್‌ನಲ್ಲಿ ನಡೆದದ್ದನ್ನು ಹೇಳಬೇಕು. 2011–12ರಲ್ಲಿ ಅಲ್ಲಿ ಸುಮಾರು 45 ಲಕ್ಷ ಮನೆ ಮೋಡೆಮ್‌ಗಳಿಗೆ ಕಳ್ಳರು ನುಗ್ಗಿ ಒಂದು ಮುಖ್ಯ ಸೆಟ್ಟಿಂಗ್ ತಿದ್ದಿದರು. ನಾವು ಬ್ಯಾಂಕಿನ ವಿಳಾಸ ಒತ್ತಿದಾಗ ಅದು ಯಾವ ಕಂಪ್ಯೂಟರಿನಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಆ ಪ್ರಶ್ನೆ ಯಾರನ್ನು ಕೇಳಬೇಕು ಎಂಬುದು ರೌಟರಿನೊಳಗೆ, ಅಂದರೆ ಈ ಡಬ್ಬಿಯೊಳಗೆ, ಬರೆದಿರುತ್ತದೆ. ಕಳ್ಳರು ಅಲ್ಲಿ ತಮ್ಮದೇ ಸರ್ವರಿನ ಅಂಕಿಗಳನ್ನು ಬರೆದರು. ಜನ ವಿಳಾಸವನ್ನು ಸರಿಯಾಗಿಯೇ ಒತ್ತಿದರು, ಹೋಗಿ ತಲುಪಿದ್ದು ಮಾತ್ರ ಕಳ್ಳರು ತೋರಿಸಿದ ಕಡೆ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಕಾಣುತ್ತಿರಲಿಲ್ಲ, ಏಕೆಂದರೆ ತಪ್ಪು ಗೋಡೆಯ ಮೇಲಿನ ಡಬ್ಬಿಯಲ್ಲಿತ್ತು.

2016ರ ‘ಮಿರಾಯ್’ ಎಂಬ ಮಾಲ್‌ವೇರ್ ಇನ್ನೊಂದು ಬಗೆಯದು. ಕಾರ್ಖಾನೆಯ ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಒಂದು ಪಟ್ಟಿ, ಅದೇ ಅದರ ಆಯುಧ. ಆ ಪಟ್ಟಿ ಹಿಡಿದು ಅದು ಜಗತ್ತಿನ ಕ್ಯಾಮೆರಾ, ರೌಟರುಗಳ ಬಾಗಿಲು ಬಡಿಯುತ್ತ ಹೋಯಿತು. ಒಳಬಿಟ್ಟವನ್ನೆಲ್ಲ ಸೈನ್ಯಕ್ಕೆ ಸೇರಿಸಿಕೊಂಡಿತು. ಅಕ್ಟೋಬರ್ 21ರಂದು ಆ ಸೈನ್ಯ ಡಿಎನ್‌ಎಸ್ ಸೇವೆ ಕೊಡುತ್ತಿದ್ದ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳು ಗಂಟೆಗಟ್ಟಲೆ ಅನೇಕರಿಗೆ ಸಿಗಲಿಲ್ಲ. ಆ ಡಬ್ಬಿಗಳ ಮಾಲೀಕರಿಗೆ ತಮ್ಮ ಮನೆಯಿಂದ ದಾಳಿ ನಡೆಯುತ್ತಿದೆ ಎಂಬ ಸುಳಿವೇ ಇರಲಿಲ್ಲ.

ನಮ್ಮ ದೇಶದ್ದೇ ಪ್ರಸಂಗ ಬೇಕೆಂದರೆ 2008ರ ಜುಲೈ 26. ಅಹಮದಾಬಾದಿನ ಸರಣಿ ಸ್ಫೋಟಕ್ಕೆ ತುಸು ಮುಂಚೆ ಮಾಧ್ಯಮಗಳಿಗೆ ಬಂದ ಇಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬೈಯ ಒಂದು ಮನೆಗೆ ಹೋದರು. ಅಲ್ಲಿದ್ದ ವಿದೇಶಿ ಬಾಡಿಗೆದಾರನಿಗೂ ಆ ಇಮೇಲಿಗೂ ಸಂಬಂಧವೇ ಇರಲಿಲ್ಲ. ಭದ್ರತೆಯಿಲ್ಲದ ಅವನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ನಮ್ಮ ಡಬ್ಬಿಯ ಮೂಲಕ ಯಾರು ಏನೇ ಮಾಡಲಿ, ಮೊದಲು ಸಿಗುವ ವಿಳಾಸ ನಮ್ಮದು.

ಇಷ್ಟಾದರೂ ಜನ ಯಾಕೆ ಬದಲಿಸುವುದಿಲ್ಲ? ಸೋಮಾರಿತನ ಅಂತ ಸುಲಭವಾಗಿ ಹೇಳಿಬಿಡುವವರನ್ನು ನಾನು ಒಪ್ಪುವುದಿಲ್ಲ. ವೈಫೈ ಪಾಸ್‌ವರ್ಡ್ ಬದಲಿಸಿದ ಮರುಕ್ಷಣ ಟಿವಿ, ಮೂರು ಫೋನು, ಮಗಳ ಲ್ಯಾಪ್‌ಟಾಪು, ಪ್ರಿಂಟರು ಎಲ್ಲದರ ಸಂಪರ್ಕ ತಪ್ಪುತ್ತದೆ. ಟಿವಿಯಲ್ಲಿ ರಿಮೋಟಿನ ಬಾಣ ಒತ್ತುತ್ತ ಒಂದೊಂದೇ ಅಕ್ಷರ ಹುಡುಕಿ ಹಾಕುವಾಗ ಎಂಥವರ ತಾಳ್ಮೆಯೂ ಕೆಡುತ್ತದೆ. ಸೆಟ್ಟಿಂಗ್ ಪುಟ ಇಂಗ್ಲಿಷಿನಲ್ಲಿ, ಅದೂ ಎಂಜಿನಿಯರುಗಳ ಇಂಗ್ಲಿಷಿನಲ್ಲಿ. ಏನಾದರೂ ಹೆಚ್ಚುಕಡಿಮೆಯಾದರೆ ಕಸ್ಟಮರ್ ಕೇರಿಗೆ ಫೋನ್ ಮಾಡಿ, ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳುತ್ತ ಕಾಯಬೇಕು. ಮುಟ್ಟದಿದ್ದರೇ ಕ್ಷೇಮ ಎಂದು ಅರವತ್ತೈದು ದಾಟಿದ ನಿವೃತ್ತ ಮೇಷ್ಟರಿಗೆ ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ? ಅದಕ್ಕೇ ಈ ಕೆಲಸ ತಿಳಿದವರು ತಿಳಿಯದವರಿಗೆ ಮಾಡಿಕೊಡಬೇಕಾದದ್ದು.

ಮಾಡುವುದು ಕಷ್ಟವಲ್ಲ. ಫೋನನ್ನು ಮನೆಯ ವೈಫೈಗೇ ಹಾಕಿಕೊಂಡು, ಬ್ರೌಸರಿನಲ್ಲಿ ತಳದ ಚೀಟಿಯಲ್ಲಿರುವ ಅಂಕಿಗಳನ್ನು ಹೊಡೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಮೊದಲು ಡಬ್ಬಿಯ ಪಾಸ್‌ವರ್ಡ್ ಬದಲಿಸಿ, ಆಮೇಲೆ ವೈಫೈಯದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ಮನೆಯವರಿಗೆ ನೆನಪಿರುತ್ತದೆ, ಹೊರಗಿನವರಿಗೆ ಊಹೆಗೆ ಸಿಗುವುದಿಲ್ಲ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ಪಾಸ್‌ವರ್ಡ್ ಬರೆದಿಡಲೇಬಾರದು ಎಂಬ ಉಪದೇಶ ಮನೆಯ ರೌಟರಿಗೆ ಅನ್ವಯಿಸುವುದಿಲ್ಲ. ಕಳ್ಳ ಬರುವುದು ಇಂಟರ್ನೆಟ್ಟಿನಿಂದ, ಬೀರುವಿನಿಂದಲ್ಲ. ಭದ್ರತೆಯ ಪಟ್ಟಿಯಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನು, ಇಲ್ಲದಿದ್ದರೆ ಡಬ್ಲ್ಯೂಪಿಎ2 ಆರಿಸಿ. ಡಬ್ಲ್ಯೂಪಿಎಸ್ ಎಂಬುದನ್ನು ಆಫ್ ಮಾಡಿ. ಅದರ ಎಂಟಂಕಿಯ ಪಿನ್ನನ್ನು ಹೆಚ್ಚೆಂದರೆ 11,000 ಯತ್ನಗಳಲ್ಲಿ ಪತ್ತೆ ಮಾಡಬಹುದೆಂದು 2011ರಲ್ಲೇ ತೋರಿಸಿಕೊಟ್ಟಿದ್ದಾರೆ. ಡಬ್ಬಿಯೊಳಗಿನ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ಅಪ್‌ಡೇಟ್ ಇದ್ದರೆ ಹಾಕಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆಯ ಡಬ್ಬಿಯಾದರೆ ಹೊಸದಕ್ಕೆ ಹಣ ಹಾಕುವುದೇ ಒಳ್ಳೆಯದು.

ರಿಪೇರಿಗೆ ಬಂದವರು ಸಣ್ಣ ತೂತಿನೊಳಗೆ ಪಿನ್ನು ಚುಚ್ಚಿ ರೀಸೆಟ್ ಮಾಡಿದರೆ ಪಾಸ್‌ವರ್ಡ್‌ಗಳೆಲ್ಲ ಮತ್ತೆ ಕಾರ್ಖಾನೆಯವೇ ಆಗುತ್ತವೆ. ಅವರು ಹೊರಟ ಮೇಲೆ ಇನ್ನೊಮ್ಮೆ ಬದಲಿಸಲೇಬೇಕು. ‘ನಿಮ್ಮ ರೌಟರ್ ಹ್ಯಾಕ್ ಆಗಿದೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ಯಾರಾದರೂ ಫೋನ್ ಮಾಡಿದರೆ ಮಾತು ಬೆಳೆಸದೆ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಂಪರ್ಕ ಕೊಡುವ ಕಂಪನಿಗಳಲ್ಲೂ ಒಂದು ಬೇಡಿಕೆ ಇದೆ. ಪ್ರತಿ ಡಬ್ಬಿಗೂ ಬೇರೆಬೇರೆ ಪಾಸ್‌ವರ್ಡ್ ಇಟ್ಟು ಕಳುಹಿಸಿ, ಅದನ್ನು ಬದಲಿಸುವ ವಿಧಾನವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ. ನಿಮ್ಮ ಹುಡುಗರಿಗೆ ಪ್ರತಿ ಮನೆಯಲ್ಲಿ ಇನ್ನು ಹತ್ತು ನಿಮಿಷ ಹೆಚ್ಚು ಕೊಡಿ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಡಬ್ಬಿಗಳಿಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದು ಕಾನೂನುಬಾಹಿರ. ಅಂಥ ಕಟ್ಟುನಿಟ್ಟು ನಮ್ಮ ಗ್ರಾಹಕರಿಗೂ ಸಲ್ಲಬೇಕು, ಅದನ್ನು ಕೇಳುವ ಹಕ್ಕು ನಮಗಿದೆ.

ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬೆಂಗಳೂರಿನಲ್ಲೋ ದುಬೈಯಲ್ಲೋ ಅಮೆರಿಕದಲ್ಲೋ ಕೆಲಸದಲ್ಲಿರುವವರೇ, ದಿನಾ ರಾತ್ರಿ ನೀವು ವಿಡಿಯೊ ಕಾಲಿನಲ್ಲಿ ಅವರ ಮುಖ ನೋಡುವುದು ಈ ಡಬ್ಬಿಯ ಮೂಲಕವೇ. ಅವರ ಪಿಂಚಣಿಯ ಲೆಕ್ಕ, ಬ್ಯಾಂಕಿನ ವ್ಯವಹಾರವೂ ಅದರ ಮೂಲಕವೇ ಹಾದುಹೋಗುತ್ತದೆ. ಈ ಸಲ ಆಯುಧಪೂಜೆಗೋ ದೀಪಾವಳಿಗೋ ಊರಿಗೆ ಹೋದಾಗ ಅರ್ಧ ಗಂಟೆ ಅದರ ಮುಂದೆ ಕೂತು ಎರಡೂ ಪಾಸ್‌ವರ್ಡ್ ಬದಲಿಸಿ, ಅವರ ಫೋನಿಗೆ, ಟಿವಿಗೆ ನೀವೇ ಹಾಕಿಕೊಟ್ಟು, ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟು ಬನ್ನಿ. ಪಕ್ಕದ ಮನೆಯ ಹಿರಿಯರಿಗೂ ಬೇಕೇನೋ, ಒಮ್ಮೆ ಕೇಳಿ.